ಮೊಣ್ಣಪ್ಪನ ಎರಡನೇ ಗುಂಡು

"ಬೇರೆ ಎರಡು ಕೋವಿ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಸಾರ್. ಈ ಕಪ್ಪು ದಾರ ಕಟ್ಟಿದ್ದನ್ನ ಮಾತ್ರ ಮುಟ್ಟಬೇಡಿ," ಅಂದಳು ಯಮುನ.

ಕೀರ್ತಿಕುಮಾರ್ ನಕ್ಕುಬಿಟ್ಟ. ನಗದೆ ಏನು ಮಾಡಿಯಾನು? ಹದಿನೇಳು ವರ್ಷ ಸೈನ್ಯದಲ್ಲಿ ಆರ್ಮರರ್ ಆಗಿದ್ದವನು, ಅಂದರೆ ಇಡೀ ಪಲ್ಟನ್ನಿನ ಬಂದೂಕುಗಳಿಗೆ ವೈದ್ಯ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರೈಫಲ್ಲನ್ನು ತುಂಡು ತುಂಡಾಗಿ ಬಿಚ್ಚಿ, ಹಾಗೆಯೇ ಜೋಡಿಸಿ, ಅಧಿಕಾರಿಗಳಿಂದ ಚಪ್ಪಾಳೆ ಹೊಡೆಸಿಕೊಂಡವನು. ಸ್ಪ್ರಿಂಗ್ ಎಷ್ಟು ಸವೆದಿದೆ ಎನ್ನುವುದನ್ನು ಅವನು ಅಳತೆಪಟ್ಟಿ ಹಿಡಿದು ನೋಡುತ್ತಿರಲಿಲ್ಲ, ಬೆರಳ ತುದಿಯಿಂದ ಒತ್ತಿ ಹೇಳುತ್ತಿದ್ದ. ಹುಟ್ಟೂರು ಸೋಮವಾರಪೇಟೆ ಕಡೆ. ನಿವೃತ್ತನಾಗಿ ಮಡಿಕೇರಿಯಲ್ಲಿ ಕೋವಿ ರಿಪೇರಿ ಅಂಗಡಿ ಹಾಕಿ ಎರಡು ವರ್ಷವಾಗಿತ್ತು ಅಷ್ಟೆ.

"ಯಾಕಕ್ಕ, ಮುಟ್ಟಿದ್ರೆ ಕಚ್ತದಾ?"

"ಮಾಟ ಮಾಡಿಸಿ ಕಟ್ಟಿದ್ದು ಸಾರ್. ಒಳಗೆ ನಮ್ಮ ದೊಡ್ಡ ಮಾವನ ಸಾವು ಉಂಟು."

ಅವಳ ಮುಖದಲ್ಲಿ ತಮಾಷೆಯ ಲವಲೇಶವೂ ಇರಲಿಲ್ಲ. ಕೀರ್ತಿಕುಮಾರ್ ಮತ್ತೂ ನಕ್ಕ. ಹೇಳುವವಳು ಹೇಳಿದಳು. ಕೇಳುವವನಿಗೆ ಅದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಕೈಲ್ ಮುಹೂರ್ತಕ್ಕೆ ಹತ್ತು ದಿನ ಉಳಿದಿತ್ತು. ಆ ದಿನ ಕೊಡಗಿನ ಮನೆಮನೆಯಲ್ಲೂ ಕೋವಿಗಳನ್ನು ತೊಳೆದು, ಹೂವು ಮುಡಿಸಿ ಪೂಜೆಗಿಡುತ್ತಾರೆ. ಅದಕ್ಕೆ ಮೊದಲು ಅವನ್ನು ಒರೆಸಿ ಸರಿಮಾಡಿಕೊಡುವುದು ಅವನಂಥವರ ಸುಗ್ಗಿಯ ಕೆಲಸ. ಗಾಳಿಬೀಡಿನ ಈ ಗೌಡರ ಮನೆಯಿಂದ ಫೋನ್ ಬಂದಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಸ್ಕೂಟರಿನಲ್ಲಿ ಬಂದಿಳಿದಿದ್ದ.

ಹೊರಗೆ ಜಗಲಿಯಲ್ಲಿ ಎಂಬತ್ತಮೂರರ ಮೊಣ್ಣಪ್ಪ ಕೂತಿದ್ದ. ಅರವತ್ತೆರಡರ ಚೀನಾ ಯುದ್ಧಕ್ಕೆ ಹೋಗಿ ಬಂದ ಸಿಪಾಯಿ. ಮದುವೆಯಾಗಿರಲಿಲ್ಲ. ತಮ್ಮ, ತಮ್ಮನ ಮಗ ಇಬ್ಬರೂ ತೀರಿಕೊಂಡ ಮೇಲೆ ಆ ಮಗನ ಹೆಂಡತಿ ಯಮುನಳೇ ಅವನನ್ನು ನೋಡಿಕೊಳ್ಳುತ್ತಿದ್ದಳು. ಎರಡೂ ಪಾದಗಳಲ್ಲಿ ಬೆರಳಿಲ್ಲ. ಹಿಮ ತಿಂದಿತ್ತು.

"ನೀವು ಹವಾಲ್ದಾರ್ರಲ್ವಾ? ನಾನು ಬರೀ ಸಿಪಾಯಿ. ನಾನೇ ಸೆಲ್ಯೂಟ್ ಹೊಡೀಬೇಕು," ಅಂದಿದ್ದ ಮುದುಕ. ಮಾತಿನಲ್ಲಿ ತಮಾಷೆಯಿತ್ತು, ಮುಖದಲ್ಲಿ ಇರಲಿಲ್ಲ. ಆ ಮುಖದಲ್ಲಿ ಏನೂ ಇರಲಿಲ್ಲ.

ಆಗಲೇ ಯಮುನ ಒಲೆಯಿಂದ ಇಳಿಸಿದ ಕಾಫಿ ತಂದುಕೊಟ್ಟಿದ್ದಳು. "ಬಿಸಿ ಉಟ್ಟು ಮಾವ," ಎಂದು, ಬಿಸಿಯಿದೆಯೆಂಬುದನ್ನು ಮನೆಮಾತಿನಲ್ಲಿ ಎಚ್ಚರಿಸಿದ್ದಳು. ಕೀರ್ತಿಕುಮಾರ್ ಲೋಟ ಹಿಡಿಯಲಾಗದೆ ಕೈ ಬದಲಿಸುತ್ತಿದ್ದಾಗ ಮೊಣ್ಣಪ್ಪ ತನ್ನ ಲೋಟವನ್ನು ಮುಷ್ಟಿಯಲ್ಲಿ ಹಿಡಿದು ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟ. ತುಟಿ ಕೆಂಪಾಯಿತು. ಅವನಿಗೆ ಅದು ತಿಳಿಯಲಿಲ್ಲ.

"ಸಕ್ಕರೆ ಹಾಕಿದ್ಯಾ?" ಎಂದು ಕೇಳಿದ, ಸುಮ್ಮನೆ ಕೇಳಬೇಕೆಂದು ಕೇಳಿದ ಹಾಗೆ.

ಕೋವಿಗಳಿದ್ದದ್ದು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ. ಕಿಟಕಿಯಿಲ್ಲದ ಕೋಣೆ. ಹಗಲಲ್ಲೂ ಅಲ್ಲಿ ಕತ್ತಲೆ. ಮೂಟೆಯೊಳಗಿನ ಒಳ್ಳೆಮೆಣಸಿನ ಖಾರ, ತುಕ್ಕು, ಹಳೆಯ ಎಣ್ಣೆ, ಒಣಗಿದ ಅರಿಶಿನ ಎಲ್ಲ ಬೆರೆತ ವಾಸನೆ ಮೂಗಿಗೆ ಬಡಿಯಿತು. ಒಳಬಂದ ಕೂಡಲೇ ಯಮುನ ದೀಪ ಹಾಕಿದ್ದಳು. ಬಲ್ಬು ಇದ್ದದ್ದು ಒಂದೇ, ಅದೂ ಹಳದಿ.

ಕಪ್ಪು ದಾರದ ಕೋವಿಯನ್ನು ನೋಡಿದ್ದೇ ಕೀರ್ತಿಕುಮಾರನ ಕಣ್ಣರಳಿತು. ಮೂಲದಲ್ಲಿ ಅದು ತ್ರೀ ನಾಟ್ ತ್ರೀ ರೈಫಲ್. ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳ ಹೆಗಲ ಮೇಲಿದ್ದದ್ದು, ಹತ್ತು ಗುಂಡು ಹಿಡಿಯುವಂಥದ್ದು. ಆದರೆ ಇದರ ಗುಂಡು ತುಂಬುವ ಹೊಟ್ಟೆಗೆ ಮರದ ತುಂಡು ಬಡಿದು ಮುಚ್ಚಿದ್ದರು. ನಳಿಗೆಯ ಒಳಗಿನ ಸುರುಳಿಗೆರೆ ಕೊರೆದು ನುಣ್ಣಗೆ ಮಾಡಿದ್ದರು.

"ಇದರ ಕತೆ ಗೊತ್ತಾ ಅಕ್ಕ? ಬಿಳಿಯರ ಕಾಲದಲ್ಲಿ ಪೊಲೀಸರಿಗೆ, ಜೈಲು ಕಾವಲಿನವರಿಗೆ ಅಂತಲೇ ಮಾಡಿದ್ದು. ನಮ್ಮವನ ಕೈಗೆ ಹತ್ತು ಗುಂಡು ಕೊಟ್ಟರೆ ಹತ್ತನೇದು ಯಾರ ಕಡೆಗೆ ತಿರುಗ್ತದೋ ಅನ್ನೋ ಭಯ ಅವರಿಗೆ. ಅದಕ್ಕೆ ಒಂದೇ ಗುಂಡು. ಹೊಡಿ, ಹಿಂದಿನ ಈ ಬೋಲ್ಟ್ ಎಳಿ, ಇನ್ನೊಂದು ಹಾಕು, ಮತ್ತೆ ಹೊಡಿ. ಅಷ್ಟರೊಳಗೆ ಎದುರಿನವನು ಊಟ ಮುಗಿಸಿ ಬಂದಿರ್ತಾನೆ."

ಯಮುನ ನಗಲಿಲ್ಲ. "ನಮ್ಮ ಮಾವಂದಿರ ಅಪ್ಪ ಜೈಲು ಕಾವಲಿಗಿದ್ರು. ಅವ್ರು ತಂದದ್ದು," ಅಂದಳು. ಆಮೇಲೆ ಬಾಗಿಲಿಗೆ ಒರಗಿ, ಉಳಿದದ್ದನ್ನು ಹೇಳಿದಳು. ನಿಧಾನವಾಗಿ, ಒಂದನ್ನೂ ಬಿಡದೆ, ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಹಾಗೆ.

ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಗಾಳಿಗೆ ಒಂದು ಗುಂಡು ಹೊಡೆಯುತ್ತಾರೆ. ಮನುಷ್ಯ ಸತ್ತರೆ ಎರಡು. ಆಚೆ ಗುಡ್ಡದವರು ಎಣಿಸಿಕೊಂಡು, ಬೆಲ್ಲ ಹಿಡಿದು ಬರಬೇಕೋ ಬರಿಗೈಯಲ್ಲಿ ಬರಬೇಕೋ ತಿಳಿದುಕೊಳ್ಳುತ್ತಾರೆ. ಅರವತ್ತೆರಡರ ಕೊನೆಯಲ್ಲಿ ಈ ಮನೆಗೆ ತಂತಿ ಬಂತು. ಮೊಣ್ಣಪ್ಪ ಕಾಣೆಯಾಗಿದ್ದಾನೆ, ಸತ್ತಿರಬಹುದು. ಹೆಣವಿಲ್ಲದಿದ್ದರೂ ಪದ್ಧತಿ ಬಿಡಬಾರದೆಂದು ಅವನ ಚಿಕ್ಕಪ್ಪ ಈ ಕೋವಿ ತೆಗೆದುಕೊಂಡು ಅಂಗಳಕ್ಕಿಳಿದ. ಒಂದು ಗುಂಡು ಹೊಡೆದ. ಬೋಲ್ಟ್ ಎಳೆದು ಎರಡನೆಯದನ್ನು ಹಾಕಿ ಮುಚ್ಚಿದ. ಅಷ್ಟರಲ್ಲಿ ಮೊಣ್ಣಪ್ಪನ ತಾಯಿ ಬೊಳ್ಳಮ್ಮ ಓಡಿಬಂದು ಕೋವಿಯ ಬಾಯಿಗೆ ಅಂಗೈ ಇಟ್ಟು ನಿಂತಳು. ಮಗನ ಮುಖ ನೋಡದೆ ಎರಡನೇ ಗುಂಡು ಹಾರಿಸಲು ಬಿಡೆನೆಂದಳು. ಸಂಜೆಯೊಳಗೆ ಆಚೆ ಗುಡ್ಡದ ನಾಲ್ಕು ಹೆಂಗಸರು ಬೆಲ್ಲ ಹಿಡಿದು ನಗುತ್ತಾ ಬಂದರು. ಅವರಿಗೆ ಕೇಳಿಸಿದ್ದು ಒಂದೇ ಗುಂಡು.

ಮರುವಾರ ಬೊಳ್ಳಮ್ಮ ಘಟ್ಟದ ಕೆಳಗಿನಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದಳು. ಅವನು ಮಗನ ಸಾವನ್ನು ಆ ಗುಂಡಿನ ಜೊತೆಗೇ ಕೋವಿಯೊಳಗೆ ಕಟ್ಟಿದ. ಮರದ ತುಂಡಿನಡಿ ಮಂತ್ರ ಬರೆದ ತಗಡು ಇಟ್ಟ. ಬೋಲ್ಟಿಗೆ ದಾರ ಸುತ್ತಿದ. ಮುಂದಿನ ಬೇಸಿಗೆಯಲ್ಲಿ, ಚೀನದವರು ಸೆರೆಯಾಳುಗಳನ್ನು ಬಿಟ್ಟಾಗ, ಮೊಣ್ಣಪ್ಪ ಬಂದೇ ಬಂದ. ಕುಂಟಿಕೊಂಡು ಅಂಗಳಕ್ಕೆ ಕಾಲಿಟ್ಟ. ಬೊಳ್ಳಮ್ಮ ತಬ್ಬಿಕೊಂಡಳು. ಅವನು ಕೈ ಎತ್ತಲಿಲ್ಲ. "ಅವ್ವ, ನೀನು ಮುಟ್ಟಿದ್ದು ಗೊತ್ತಾಗ್ತಾ ಇಲ್ಲೆ," ಅಂದ.

"ಅವತ್ತಿಂದ ಹೀಗೇ ಸಾರ್. ಬಿಸಿ ಇಲ್ಲ, ತಣ್ಣಗಿಲ್ಲ, ನೋವಿಲ್ಲ, ರುಚಿ ಇಲ್ಲ. ಇಲಿ ಕಾಲು ಕಡಿದ್ರೂ ಗೊತ್ತಾಗಲ್ಲ. ದಿನಾ ಸಂಜೆ ನಾನೇ ಮೈಯೆಲ್ಲ ನೋಡಿ ಮದ್ದು ಹಚ್ಚೋದು. ಸಾವನ್ನ ಕಟ್ಟಿದಾಗ ಮೈಯರಿವೂ ಅದರ ಜೊತೆಗೇ ಹೋಯ್ತು. ದಾರ ಬಿಚ್ಚಿ ಆ ಗುಂಡನ್ನ ಕೈಗೆ ತಗೊಂಡವರ ಮೈಯರಿವು ಅದರೊಳಗೆ ಹೋಗ್ತದೆ. ನಿಮಗೆ ಎಲ್ಲಾ ಹೇಳಿದ್ದೇನೆ. ಬೇಡ ಸಾರ್."

"ಅಕ್ಕ, ಹಿಮ ಹಿಡಿದರೆ ನರ ಸಾಯ್ತದೆ. ನಾನು ಎಷ್ಟು ಜನರನ್ನ ನೋಡಿಲ್ಲ?" ಅಂದ ಕೀರ್ತಿಕುಮಾರ್. ಆದರೆ ಅವನ ಮನಸ್ಸು ಬೇರೊಂದು ಕಡೆ ಸಿಕ್ಕಿಹಾಕಿಕೊಂಡಿತ್ತು. "ಅಂದ್ರೆ, ಇದರೊಳಗೆ ಈಗಲೂ ಗುಂಡು ಇದೆಯಾ?"

"ಉಂಟು."

ಅಲ್ಲಿಗೆ ಮುಗಿಯಿತು. ಆರ್ಮರರ್ ಆದವನ ಮೊದಲ ಪಾಠವೇ ಅದು. ಕೋವಿ ಕೈಗೆ ಬಂದ ಕೂಡಲೇ ಬೋಲ್ಟ್ ಎಳೆದು, ಗುಂಡು ಕೂರುವ ಜಾಗ ಖಾಲಿ ಮಾಡು. ಉಳಿದದ್ದೆಲ್ಲ ಆಮೇಲೆ. ಹದಿನೇಳು ವರ್ಷ ದಿನಕ್ಕೆ ನೂರು ಸಲ ಮಾಡಿದ ಕೈ ಅದು. ಬೇರೆ ಯಾರಾದರೂ ಆಗಿದ್ದರೆ ಹೆದರಿಯೋ ಸೋಮಾರಿತನದಿಂದಲೋ ಬಿಟ್ಟು ಹೋಗುತ್ತಿದ್ದರು. ಗುಂಡು ತುಂಬಿದ ಕೋವಿಯನ್ನು ಅರವತ್ತು ವರ್ಷ ಮನೆಯಲ್ಲಿಟ್ಟಿದ್ದಾರೆ, ನಾನು ನೋಡಿಯೂ ಬಿಟ್ಟು ಹೋಗಬೇಕೆ ಎಂದು ಅವನಿಗೆ ನಿಜವಾಗಿಯೂ ಸಿಟ್ಟು ಬಂತು.

"ಮಾಟಕ್ಕಿಂತ ಗುಂಡಿನೊಳಗಿನ ಹಳೇ ಮದ್ದು ಅಪಾಯ ಅಕ್ಕ," ಎನ್ನುತ್ತಾ ಜೇಬಿನಿಂದ ಚಾಕು ತೆಗೆದ.

ಯಮುನ ಒಂದು ಹೆಜ್ಜೆ ಹಿಂದೆ ಸರಿದಳು. ಕೈ ಮುಗಿದಿದ್ದಳು. ಯಾರಿಗೆ ಮುಗಿದಿದ್ದಳೋ.

ದಾರ ಮೇಣದಲ್ಲಿ ಅದ್ದಿದ್ದು. ಒಣಗಿ ಕಡ್ಡಿಯಾಗಿತ್ತು. ಚಾಕು ತಗಲಿದ್ದೇ ಟಿಕ್ ಎಂದಿತು. ಕೀರ್ತಿಕುಮಾರ್ ಬೋಲ್ಟಿನ ಗುಬುಟಿಗೆ ಕೈ ಹಾಕಿದ. ಅರವತ್ತು ವರ್ಷ ಅಲುಗದ್ದು ತುಕ್ಕು ಹಿಡಿದು ಕೂತಿರುತ್ತದೆ ಎಂದುಕೊಂಡಿದ್ದ. ಅದು ಬೆಣ್ಣೆಯಲ್ಲಿ ಎಳೆದ ಹಾಗೆ ಬಂತು. ಮದ್ದಿನ ವಾಸನೆ ಬಂತು. ಹಳೆಯದಲ್ಲ, ಈಗಷ್ಟೇ ಹೊಡೆದ ಗುಂಡಿನ ಬಿಸಿ ವಾಸನೆ. ಅದರ ಹಿಂದೆ ಇನ್ನೊಂದು. ತಣ್ಣನೆಯ, ಮೂಗು ಕೊರೆಯುವ, ಈ ಊರಿಗೆ ಸೇರದ ವಾಸನೆ. ಹಿಮ.

ಗುಂಡು ಜಾರಿತು. ಅಂಗೈಗೆ ಬಿತ್ತು.

ತಣ್ಣಗಿತ್ತು. ಆಮೇಲೆ ತಣ್ಣಗಿರಲಿಲ್ಲ. ಆಮೇಲೆ ಏನೂ ಇರಲಿಲ್ಲ. ಅಂಗೈಯಲ್ಲಿ ಗುಂಡು ಕಾಣುತ್ತಿತ್ತು. ಅದರ ಭಾರ ಕಾಣೆಯಾಗಿತ್ತು. ಬೆರಳು ಮಡಚಿದ. ಮಡಚಿದ್ದು ಕಂಡಿತು. ತಿಳಿಯಲಿಲ್ಲ.

ಜಗಲಿಯಲ್ಲಿ ಮೊಣ್ಣಪ್ಪ ಕಿರುಚಿದ.

ಯಮುನ ಕಣ್ಣು ಒರೆಸಿಕೊಂಡು, ಸೆರಗಿನಿಂದ ಆ ಗುಂಡನ್ನು ಎತ್ತಿಕೊಂಡಳು. ಕೋವಿಗೆ ಹಾಕಿದಳು. ಬೋಲ್ಟ್ ಮುಚ್ಚಿದಳು. ಸೊಂಟದಿಂದ ಹೊಸ ಕಪ್ಪು ದಾರ ತೆಗೆದು ಸರಸರನೆ ಸುತ್ತಿ ಗಂಟು ಹಾಕಿದಳು. ರೂಢಿಯಿದ್ದವರ ಕೈ. ಕೀರ್ತಿಕುಮಾರ್ ಬೇಡ ಎನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಹೊರಗೆ ಓಡಿದಳು.

ಮೊಣ್ಣಪ್ಪ ನೆಲದ ಮೇಲೆ ಬಿದ್ದಿದ್ದ. ಬೆರಳಿಲ್ಲದ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಬಾಯಿ ಸುಡುತ್ತದೆ ಅನ್ನುತ್ತಿದ್ದ, ಕಾಲು ಕೊರೆಯುತ್ತದೆ ಅನ್ನುತ್ತಿದ್ದ, ಅವ್ವಾ ಅನ್ನುತ್ತಿದ್ದ. ಅರವತ್ತು ವರ್ಷದ ನೋವು ಒಂದೇ ಸಲ ಬಂದಿತ್ತು. ಆ ಮುಖದಲ್ಲಿ ಈಗ ಎಲ್ಲವೂ ಇತ್ತು. ಯಮುನ ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು ಕೆನ್ನೆಗೆ ಕೈ ಇಟ್ಟಳು. ಮುದುಕ ಆ ಕೈಯನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿ ಒತ್ತಿ ಅತ್ತ.

"ಬಿಸಿ ಉಟ್ಟು," ಅಂದ. "ಮಗಳೇ, ನಿನ್ನ ಕೈ ಬಿಸಿ ಉಟ್ಟು."

ಡಾಕ್ಟರನ್ನು ಕರೆತರಲೇ ಎಂದು ಕೀರ್ತಿಕುಮಾರ್ ಕೇಳಿದ. ಬೇಡ, ನೀವು ಮನೆಗೆ ಹೋಗಿ ಸಾರ್ ಅಂದಳು ಯಮುನ. ಅವನ ಕಡೆ ನೋಡಲಿಲ್ಲ.

ಸ್ಕೂಟರ್ ಹತ್ತಿದಾಗ ಹ್ಯಾಂಡಲ್ ಕೈಯಲ್ಲಿದೆಯೋ ಇಲ್ಲವೋ ಎಂದು ನೋಡಿ ನೋಡಿ ಓಡಿಸಬೇಕಾಯಿತು. ಗಾಳಿಬೀಡಿನ ಗಾಳಿ ಎಂದರೆ ಮೂಗು ಕಿತ್ತು ಕೈಗೆ ಕೊಡುವಂಥದ್ದು. ಅಂದು ಅದು ಮರಗಳಿಗೆ ಮಾತ್ರ ಬೀಸುತ್ತಿತ್ತು. ಕೈ ಜೋಮು ಹಿಡಿದಿದೆ ಎಂದುಕೊಂಡ. ಬಹಳ ಹೊತ್ತು ಕೂತದ್ದಕ್ಕೆ ಎಂದುಕೊಂಡ. ಕೂತೇ ಇರಲಿಲ್ಲ ಎಂಬುದನ್ನು ಮರೆತ.

ಮನೆಯಲ್ಲಿ ಹೆಂಡತಿ ಅಮೃತಾ ಮಗುವಿಗೆ ಎಣ್ಣೆ ಹಚ್ಚಿ ಕಾಯುತ್ತಿದ್ದಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗಳು ಕಾವ್ಯಶ್ರೀ. ಎಂಟು ತಿಂಗಳು. ಅಪ್ಪನ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿಯದೆ ನಿದ್ದೆ ಹೋಗುತ್ತಿರಲಿಲ್ಲ. ಮಲಗಿದ ಮೇಲೆ ಆ ಮುಷ್ಟಿ ಒಂದೊಂದೇ ಬೆರಳು ಸಡಿಲವಾಗುವುದನ್ನು ಕೀರ್ತಿಕುಮಾರ್ ಉಸಿರು ಬಿಗಿಹಿಡಿದು ಅನುಭವಿಸುತ್ತಿದ್ದ. ಜಗತ್ತಿನಲ್ಲಿ ಅವನಿಗೆ ಅದಕ್ಕಿಂತ ದೊಡ್ಡದು ಇರಲಿಲ್ಲ.

ಮಗುವಿನ ಸ್ನಾನದ ನೀರು ಹದ ಮಾಡುವುದು ಅವನ ಕೆಲಸ. ಬಚ್ಚಲಿಗೆ ಹೋಗಿ ಹಂಡೆಯಿಂದ ಬಕೆಟ್ಟಿಗೆ ನೀರು ತೋಡಿದ. ದಿನವೂ ಮಾಡುವ ಹಾಗೆ ಮೊಣಕೈವರೆಗೆ ಕೈ ಅದ್ದಿದ. ಬಿಸಿ ತಾಗಲಿಲ್ಲ. ಇನ್ನೆರಡು ಚೆಂಬು ಬಿಸಿನೀರು ಹಾಕಿದ. ಮತ್ತೆ ಅದ್ದಿದ. ಕೈಯಾಡಿಸಿದ.

"ಸಾಕೇನೋ. ಮಗೂನ ಎತ್ಕೊಂಡು ಬಾ," ಎಂದು ಕೂಗಿದ.

ಅಮೃತಾ ಮಗುವನ್ನು ಎತ್ತಿಕೊಂಡು ಬಂದಳು. ಬಕೆಟ್ಟಿನಿಂದ ಏಳುತ್ತಿದ್ದ ಹಬೆ ನೋಡಿದಳು. ಅದರೊಳಗಿದ್ದ ಗಂಡನ ಕೈ ನೋಡಿದಳು. ಮೊಣಕೈವರೆಗೆ ಕೆಂಪಾಗಿ, ಚರ್ಮ ಎದ್ದು, ಬೊಬ್ಬೆ ಬಂದಿತ್ತು. ಅವನು ಇನ್ನೂ ಕೈಯಾಡಿಸುತ್ತಲೇ ಇದ್ದ. ಮುಖದಲ್ಲಿ ಏನೂ ಇರಲಿಲ್ಲ.

ಅವಳು ಕಿರುಚಿಕೊಂಡಳು. ಆಗ ಅವನು ತನ್ನ ಕೈ ನೋಡಿಕೊಂಡ. ಮಗುವನ್ನು ನೋಡಿದ. ಇನ್ನೊಂದು ನಿಮಿಷ ಅವಳು ತಡವಾಗಿ ನೋಡಿದ್ದರೆ ಎಂದು ಯೋಚಿಸಿದ. ಹೆದರಿಕೆಯಿಂದ ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಂಡಿತೋ ಏನೋ. ಅವನಿಗೆ ತಿಳಿಯಲಿಲ್ಲ.

ಮರುದಿನ ಕೈಗೆ ಪಟ್ಟಿ ಕಟ್ಟಿಕೊಂಡು ಗಾಳಿಬೀಡಿಗೆ ಹೋದ. ದಾರಿಯಲ್ಲಿದ್ದಾಗಲೇ ಗುಂಡಿನ ಸದ್ದು ಕೇಳಿತು. ಒಂದು. ಸ್ಕೂಟರ್ ನಿಲ್ಲಿಸಿದ. ಎರಡು.

ಮೊಣ್ಣಪ್ಪ ಬೆಳಿಗ್ಗೆ ತೀರಿಕೊಂಡಿದ್ದ. ಸಾಯುವ ಮೊದಲು ಕಾಫಿ ಕೇಳಿ, ಆರಿಸಿ ಆರಿಸಿ, ನಾಲಿಗೆಯಲ್ಲಿ ಹೊರಳಿಸಿ ಕುಡಿದನಂತೆ. ಸಕ್ಕರೆ ಜಾಸ್ತಿಯಾಯಿತು ಎಂದನಂತೆ. ಎರಡೂ ಗುಂಡನ್ನು ಬೇರೆ ಕೋವಿಯಿಂದ ಹೊಡೆದಿದ್ದರು. ಜನ ಚದುರುವವರೆಗೆ ಕೀರ್ತಿಕುಮಾರ್ ಅಂಗಳದ ಅಂಚಿನಲ್ಲಿ ನಿಂತಿದ್ದ. ಆಮೇಲೆ ಯಮುನ ಉಗ್ರಾಣದಿಂದ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ಗಂಟು ತಂದಳು.

"ಇದು ಇನ್ನು ನಿಮ್ಮದು ಸಾರ್. ಒಳಗಿರೋದು ನಿಮ್ಮದೇ."

"ನೀನು ಬೇಕಂತ ಮಾಡಿದ್ದು," ಅಂದ ಕೀರ್ತಿಕುಮಾರ್.

"ನಾನು ಹೇಳಿದೆ. ಎಲ್ಲಾ ಹೇಳಿದೆ. ಮುಚ್ಚಿಟ್ಟಿದ್ದೇನಾದ್ರೂ ಉಂಟಾ?" ಅವಳು ಗಂಟನ್ನು ಅವನ ಕಡೆ ಚಾಚಿದಳು. "ಒಂದು ಬಿಟ್ಟು. ಆ ಮಂತ್ರವಾದಿ ಬೊಳ್ಳಮ್ಮಜ್ಜಿಗೆ ಹೇಳಿ ಹೋಗಿದ್ದ. ನಿಜ ಎಲ್ಲಾ ಹೇಳಬೇಕು. ಕೇಳಿದವರು ನಂಬದೆ, ನಕ್ಕು ಬಿಚ್ಚಬೇಕು. ಅವರಿಗೆ ಮಾತ್ರ ಹಿಡೀತದೆ. ನಂಬಿದವರು ಬಿಚ್ಚಿದ್ರೆ ಏನೂ ಆಗಲ್ಲ. ನಾನೇ ಎರಡು ಸಲ ಬಿಚ್ಚಿ ನೋಡಿದ್ದೆ ಸಾರ್, ನನಗಾದ್ರೂ ಹಿಡಿಯಲಿ, ಮಾವ ಬಿಡುಗಡೆ ಆಗಲಿ ಅಂತ. ನಾನು ನಂಬಿದವಳು. ಏನೂ ಆಗಲಿಲ್ಲ."

"ನನಗೆ ಮಗು ಇದೆ ಅಕ್ಕ."

ಯಮುನ ಸೆರಗು ಬಾಯಿಗೊತ್ತಿಕೊಂಡಳು. "ಬೇಡ ಅಂತ ನಾನು ಹೇಳಿದ್ದು ಸುಳ್ಳಲ್ಲ," ಅಂದಳು. "ಬೇಡ ಅಂತಾನೂ ಇತ್ತು. ಬಿಚ್ಚಲಿ ಅಂತಾನೂ ಇತ್ತು."

ಅಂದರೆ ಆ ಎಚ್ಚರಿಕೆಯೇ ಮಾಟದ ಮೊದಲ ಗಂಟು. ಕೀರ್ತಿಕುಮಾರ್ ಕೋವಿಯ ಗಂಟನ್ನು ಹೆಗಲಿಗೇರಿಸಿಕೊಂಡು ಬಂದ. ಹೆಗಲಿಗೆ ಭಾರ ತಿಳಿಯಲಿಲ್ಲ.

ಆಮೇಲಿನ ಹನ್ನೊಂದು ತಿಂಗಳಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮೈಸೂರಿನಲ್ಲಿ ನರದ ಡಾಕ್ಟರು ಸೂಜಿ ಚುಚ್ಚಿ, ಯಂತ್ರ ಇಟ್ಟು ನೋಡಿ, ನರವೆಲ್ಲ ಸರಿಯಾಗಿದೆ ಎಂದರು. ಅವನ ಬೆರಳಿಗೆ ಸ್ಪ್ರಿಂಗು ತಿಳಿಯದಾಯಿತು. ಸ್ಕ್ರೂ ಎಷ್ಟು ಬಿಗಿಯಾಯಿತೆಂದು ತಿಳಿಯದೆ ತಿರುವಿದ್ದಕ್ಕೆ ಗಿರಾಕಿಯೊಬ್ಬರ ಕೋವಿಯ ಹಿಡಿ ಸೀಳಿತು. ಅನ್ನಕ್ಕೂ ಕಾಗದಕ್ಕೂ ವ್ಯತ್ಯಾಸವಿಲ್ಲದಾಯಿತು. ಒಂದು ದಿನ ಹಜಾರದಲ್ಲಿ ಮಗಳನ್ನು ಎತ್ತಿಕೊಂಡಿದ್ದಾಗ ಅವಳು ಅಳತೊಡಗಿದಳು. ಅವನು ಸಮಾಧಾನ ಮಾಡುತ್ತಾ ಇನ್ನಷ್ಟು ಅಪ್ಪಿಕೊಂಡ. ಅಮೃತಾ ಬಂದು ಕಿತ್ತುಕೊಂಡಳು. ಮಗುವಿನ ತೋಳಿನ ಮೇಲೆ ಅವನ ನಾಲ್ಕು ಬೆರಳು ನೀಲಿಯಾಗಿ ಮೂಡಿದ್ದವು. ಅಂದಿನಿಂದ ಅವಳು ಮಗಳನ್ನು ಅವನ ಕೈಗೆ ಕೊಡಲಿಲ್ಲ. ಅಳುತ್ತಲೇ ಕೊಡಲಿಲ್ಲ. ಅವನೂ ಕೇಳಲಿಲ್ಲ. ಮಗಳು ತೆವಳಿದಳು, ನಿಂತಳು, ನಡೆದಳು. ಎಲ್ಲವನ್ನೂ ಅವನು ದೂರದ ಕುರ್ಚಿಯಲ್ಲಿ ಕೂತು ನೋಡಿದ.

ನಗುವವನೊಬ್ಬ ಬೇಕಾಗಿತ್ತು. ಆದರೆ ಗಾಳಿಬೀಡಿನ ಸುದ್ದಿ ಮಡಿಕೇರಿಗೆ ಬರಲು ಬಸ್ಸು ಬೇಕೆ? ಎಲ್ಲರೂ ನಂಬಿಬಿಟ್ಟಿದ್ದರು. ಅಂಗಡಿಗೆ ಬಂದವರು ಮೂಲೆಯಲ್ಲಿದ್ದ ಆ ಕೋವಿ ಕಂಡು ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ಎಷ್ಟೋ ಜನಕ್ಕೆ ಅವನು ಎಲ್ಲ ಹೇಳಿದ. ನಕ್ಕದ್ದು ಒಬ್ಬ ಮೇಷ್ಟರು ಮಾತ್ರ. ಅವರೂ ದಾರ ಬಿಚ್ಚಲು ಕೈ ಚಾಚಲಿಲ್ಲ. ಮಾಟವನ್ನು ನಂಬದಿದ್ದರೇನು, ಗುಂಡನ್ನು ನಂಬುತ್ತಿದ್ದರು. ಬಿಚ್ಚುವವನು ಕೈಗೆ ಬಂದ ಕೋವಿಯನ್ನು ಖಾಲಿ ಮಾಡದೆ ಬಿಡದವನಾಗಿರಬೇಕಿತ್ತು.

ಆಗಸ್ಟಿನಲ್ಲಿ ಕೀರ್ತಿಕುಮಾರ್ ಹತಾರಗಳನ್ನು ಮಾರಲು ನಿಶ್ಚಯಿಸಿದ. ಅವನ್ನೂ ಆ ಕೋವಿಯನ್ನೂ ಅಂಗಡಿಯಿಂದ ಮನೆಗೆ ತಂದಿಟ್ಟು, ಅಲ್ಲಿಗೇ ಬಂದು ನೋಡಲು ಹೇಳಿದ. ವಿರಾಜಪೇಟೆಯಿಂದ ಭವಿತ್ ಎನ್ನುವವನು ಬಂದ. ಮೂವತ್ತೆರಡರ ಪ್ರಾಯ, ಸೈನ್ಯದಲ್ಲಿ ಆರ್ಮರರ್ ಆಗಿದ್ದು ಈಗಷ್ಟೇ ಬಿಟ್ಟು ಬಂದವನು. ಬಾಯ್ತುಂಬ ನಗು. ಬಂದವನೇ ಲಗ್ನಪತ್ರಿಕೆ ಕೊಟ್ಟ.

"ಬರುವ ತಿಂಗಳು ಮದುವೆ ಅಣ್ಣ. ಅತ್ತಿಗೆನೂ ಮಗುನೂ ಕರ್ಕೊಂಡು ಬರ್ಲೇಬೇಕು."

ಅಮೃತಾ ಕಾಫಿ ಮಾಡಲು ಒಳಗೆ ಹೋದಳು. ಭವಿತ್ ಹತಾರಗಳನ್ನು ಒಂದೊಂದಾಗಿ ಬೆರಳಲ್ಲಿ ತೂಗಿ ನೋಡುತ್ತಿದ್ದ. ಮೂಲೆಯ ಕೋವಿ ಅವನ ಕಣ್ಣಿಗೆ ಬಿತ್ತು.

"ಓಹೋ, ಒಂದೇ ಗುಂಡಿನ ಮಸ್ಕೆಟ್ಟು! ದಾರ ಯಾಕೆ ಕಟ್ಟಿದ್ದೀರಿ?"

ಕೀರ್ತಿಕುಮಾರ್ ಹೇಳಿದ. ತಂತಿ ಬಂದದ್ದು, ಅಂಗಳದಲ್ಲಿ ಒಂದು ಗುಂಡು, ಕೋವಿಯ ಬಾಯಿಗೆ ಅಡ್ಡ ಬಂದ ತಾಯಿಯ ಅಂಗೈ. ಮೊಣ್ಣಪ್ಪನ ಕಾಲು, ತನ್ನ ಕೈ, ಬಕೆಟ್ಟಿನ ನೀರು. ಯಮುನ ಮುಚ್ಚಿಟ್ಟದ್ದೊಂದರ ಹೊರತು ಏನನ್ನೂ ಬಿಡಲಿಲ್ಲ. ಅಂಗಿಯ ತೋಳು ಮಡಚಿ ಸುಟ್ಟ ಕಲೆ ತೋರಿಸಿದ. ಲಗ್ನಪತ್ರಿಕೆ ಮೇಜಿನ ಮೇಲಿತ್ತು. ಅದರ ಮೇಲೆ ಎರಡು ಹೆಸರಿದ್ದವು. ಪಾಪ ಅನಿಸಬೇಕಿತ್ತು. ಅನಿಸುವ ಜಾಗದಲ್ಲೂ ಜೋಮು ಹಿಡಿದಿತ್ತು.

"ಮುಟ್ಟಬೇಡ ಭವಿತ್," ಎಂದ ಕೊನೆಗೆ. "ಬೇಡ."

ಯಮುನಳ ದನಿ ಅಂದು ಯಾಕೆ ಪಾಠ ಒಪ್ಪಿಸುವ ಹಾಗೆ ಅಷ್ಟು ಸಮನಾಗಿತ್ತೆಂದು ಆಗ ಗೊತ್ತಾಯಿತು.

ಭವಿತ್ ಪಕಪಕನೆ ನಕ್ಕ. "ಅಣ್ಣ, ನೀವು ಸುಟ್ಟುಕೊಂಡದ್ದಕ್ಕೆ ಕೋವಿ ಮೇಲೆ ತಪ್ಪು ಹಾಕಬೇಡಿ." ಆಮೇಲೆ ನಗು ನಿಲ್ಲಿಸಿ ಕೇಳಿದ. "ತಮಾಷೆ ಸಾಕು. ಒಳಗೆ ಗುಂಡು ಇರೋದು ನಿಜವಾ? ಮನೇಲಿ ಮಗು ಇಟ್ಕೊಂಡು?"

"ಇದೆ."

ಅಲ್ಲಿಗೆ ಮುಗಿಯಿತು. ಭವಿತ್ ಕೋವಿ ಎತ್ತಿಕೊಂಡ. ಬಾಯನ್ನು ಗೋಡೆಯ ಕಡೆ ತಿರುಗಿಸಿದ. ಒಳ್ಳೆಯ ಆರ್ಮರರ್. ಅಡುಗೆಮನೆಯ ಬಾಗಿಲಲ್ಲಿ ಅಮೃತಾ ಕಾಫಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಗಂಡನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

ದಾರ ಟಿಕ್ ಎಂದಿತು.

ಬೋಲ್ಟ್ ಜಾರಿತು. ಗುಂಡು ಬಿತ್ತು. ಭವಿತನ ಅಂಗೈ ಮುಚ್ಚಿತು.

ಕೀರ್ತಿಕುಮಾರನ ಕೈಗೆ ಬೆಂಕಿ ಬಿತ್ತು. ಮೊಣಕೈವರೆಗೆ ಬೆಂಕಿ. ಹನ್ನೊಂದು ತಿಂಗಳ ಹಿಂದಿನ ಕುದಿನೀರು ಈಗ ಸುಟ್ಟಿತು. ಮಂಡಿ ಊರಿ ಬಿದ್ದ. ಮಂಡಿ ನೋಯಿತು. ನಾಲಿಗೆ ಕಚ್ಚಿಕೊಂಡ. ರಕ್ತ ಉಪ್ಪಾಗಿತ್ತು. ಉಪ್ಪು! ಕಿಟಕಿಯಿಂದ ಬಂದ ಗಾಳಿ ಕುತ್ತಿಗೆಗೆ ತಾಗಿತು. ಅವನು ಅತ್ತ. ಕಣ್ಣೀರು ಬೆಚ್ಚಗೆ ಕೆನ್ನೆ ಮೇಲೆ ಇಳಿಯಿತು. ಇಳಿದದ್ದು ತಿಳಿಯಿತು. ಅದರ ಹಿಂದೆಯೇ ಪಾಪವೂ ಬಂತು, ಎದೆಯ ಮೇಲೆ ಕಲ್ಲು ಇಟ್ಟ ಹಾಗೆ. ಅವನು ತೆವಳಿಕೊಂಡು ಹೋಗಿ, ಭವಿತನ ಅಂಗೈಯ ಗುಂಡನ್ನು ಕರವಸ್ತ್ರದಲ್ಲಿ ಹಿಡಿದು ಕೋವಿಗೆ ಹಾಕಿ ಮುಚ್ಚಿ, ಜೇಬಿನಿಂದ ಹೊಸ ದಾರ ತೆಗೆದ. ದಾರ ಸುತ್ತಿದ. ಯಮುನ ಅಂದು ಮಾಡಿದ್ದೂ ಇಷ್ಟೇ.

"ಏನಾಯ್ತಣ್ಣ? ನೋವಾ?" ಎನ್ನುತ್ತಾ ಭವಿತ್ ಗಾಬರಿಯಿಂದ ಬಗ್ಗಿದ. ತನ್ನ ಕೈಯನ್ನು ಎರಡು ಸಲ ಕೊಡವಿದ. "ನೀರು ತಗೊಂಡು ಬನ್ನಿ ಅತ್ತಿಗೆ."

ಅಮೃತಾ ಅಲುಗಲಿಲ್ಲ. ಭವಿತನೇ ಹೋಗಿ ಅವಳ ಕೈಯಿಂದ ಕಾಫಿ ಲೋಟ ತೆಗೆದುಕೊಂಡ. ಲೋಟದಿಂದ ಹಬೆ ಏಳುತ್ತಿತ್ತು. ಗಾಬರಿಗೆ ಗಂಟಲೊಣಗಿತ್ತೇನೋ, ಒಂದೇ ಗುಟುಕಿಗೆ ಕುಡಿದು ಕೆಳಗಿಟ್ಟ.

"ಸ್ವಲ್ಪ ಆರಿಹೋಗಿದೆ," ಎಂದ.

ಕೋಣೆಯೊಳಗಿಂದ ಕಾವ್ಯಶ್ರೀ ಪುಟ್ಟ ಹೆಜ್ಜೆ ಇಡುತ್ತಾ ಬಂದಳು. ಅಪ್ಪ ನೆಲದ ಮೇಲೆ ಕೂತದ್ದು ಕಂಡು ನಕ್ಕಳು. ತೋರುಬೆರಳಿಗೆ ಕೈ ಚಾಚಿದಳು. ಕೀರ್ತಿಕುಮಾರ್ ಎರಡೂ ಕೈ ಮುಂದೆ ಮಾಡಿದ.

"ಕೊಡು ಅಮೃತಾ. ಈಗ ಕೊಡು. ತಿಳೀತದೆ ನನಗೆ. ಎಲ್ಲಾ ತಿಳೀತದೆ."

ಅಮೃತಾ ಭವಿತನ ಕೆಂಪಾದ ತುಟಿ ನೋಡಿದಳು. ಮೇಜಿನ ಮೇಲಿನ ಲಗ್ನಪತ್ರಿಕೆ ನೋಡಿದಳು. ಬಗ್ಗಿ ಮಗಳನ್ನು ಬಾಚಿ ಎತ್ತಿಕೊಂಡು, ಎದೆಗವಚಿಕೊಂಡು, ಗಂಡನಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಇನ್ನೂ ಹಿಂದೆ ಸರಿದಳು. ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ಚಾಚಿದ ಅಂಗೈಗಳ ಮೇಲೆ ಗಾಳಿ ಆಡುತ್ತಿತ್ತು. ತಣ್ಣಗಿತ್ತು.